ಯೋನಿಯ ಅನುಲೇಪಕ ಕೋಶಗಳು ಮತ್ತು ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವವಿಜ್ಞಾನ ಅಥವಾ ವೈದ್ಯಕೀಯ ಓದುತ್ತಿರುವವರು, ಲ್ಯಾಬಿನಲ್ಲಿ ಈ ಕೋಶಗಳನ್ನು ಬೆಳೆಸಲು ಹೊರಟವರು, ತಮ್ಮ ವರದಿಯಲ್ಲಿರುವ ಹೆಸರುಗಳ ಅರ್ಥ ತಿಳಿಯಬೇಕೆನ್ನುವ ಮಹಿಳೆಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಡೀ ಪುಟದ ಹಿಂದಿರುವ ಮಾತು ಒಂದೇ: ಬ್ಯಾಕ್ಟೀರಿಯಾದ ಹೆಸರನ್ನಷ್ಟೇ ಓದಿದರೆ ಅರ್ಧ ವಿಷಯ ತಿಳಿಯುತ್ತದೆ. ಅದಕ್ಕೆ ಆಹಾರ ಕೊಡುವ ಕೋಶವನ್ನೂ, ಆ ಕೋಶಕ್ಕೆ ಅದು ಹಿಂದಿರುಗಿಸುವ ರಾಸಾಯನಿಕಗಳನ್ನೂ ಜೊತೆಗೇ ನೋಡಬೇಕು.

ಯೋನಿಯ ಒಳಗೋಡೆ ಯಾವ ಬಗೆಯ ಕೋಶಗಳಿಂದ ಆಗಿದೆ?

ಹಲವು ಪದರಗಳ ಚಪ್ಪಟೆ ಅನುಲೇಪಕ ಕೋಶಗಳಿಂದ, ಅಂದರೆ ಮೇಲ್ಮೈಯನ್ನು ಹೊದಿಸುವ (ಎಪಿಥೀಲಿಯಲ್) ಕೋಶಗಳಿಂದ. ತಳದ ಪದರದಲ್ಲಿ ಕೋಶಗಳು ವಿಭಜನೆಯಾಗುತ್ತವೆ. ಮೇಲೇರುತ್ತಾ ಚಪ್ಪಟೆಯಾಗಿ, ಒಳಗೆ ಗ್ಲೈಕೋಜನ್ (ಸಕ್ಕರೆಯ ಶೇಖರಣಾ ರೂಪ) ತುಂಬಿಕೊಂಡು, ಕೊನೆಗೆ ಕಳಚಿ ಬೀಳುತ್ತವೆ. ಚರ್ಮದಂತೆ ಇಲ್ಲಿ ಗಟ್ಟಿ ಕೆರಟಿನ್ ಹೊದಿಕೆ ಇರುವುದಿಲ್ಲ. ಯೋನಿಯ ಗೋಡೆಯಲ್ಲಿ ಗ್ರಂಥಿಗಳೂ ಇಲ್ಲ. ಅಲ್ಲಿನ ತೇವ ಬರುವುದು ಗೋಡೆಯಿಂದ ಜಿನುಗುವ ದ್ರವ ಮತ್ತು ಗರ್ಭಕಂಠದ ಲೋಳೆಯಿಂದ.

ಹೊಸಬರು ಹೆಚ್ಚಾಗಿ ಎಡವುವ ಅಂಶವೊಂದಿದೆ. ಕೋಶಗಳ ನಡುವಿನ ಬಿಗಿ ಬೆಸುಗೆಗಳು ತೀರಾ ಮೇಲಿನ ಪದರದಲ್ಲಿ ಇರುವುದಿಲ್ಲ, ಕೆಳಗಿನ ಪದರಗಳಲ್ಲಿರುತ್ತವೆ. ಮೇಲಿನ ಸಡಿಲ ಪದರಗಳ ಸಂದುಗಳಲ್ಲಿ ಬ್ಯಾಕ್ಟೀರಿಯಾ, ಪ್ರತಿಕಾಯಗಳು, ವೈರಸ್ ಕಣಗಳು ಸ್ವಲ್ಪ ದೂರ ಇಳಿಯಬಲ್ಲವು. ಹಾಗಾಗಿ ಪದರ ತೆಳುವಾದಾಗ, ಅಥವಾ ಕೋಶಗಳು ಬೇಗ ಬೇಗ ಕಳಚಿದಾಗ, ಜೀವಂತ ಕೋಶಗಳವರೆಗಿನ ಅಂತರವೇ ಕಡಿಮೆಯಾಗುತ್ತದೆ.

ಕೋಶಗಳು ಬ್ಯಾಕ್ಟೀರಿಯಾಗೆ ಆಹಾರ ಒದಗಿಸುವುದು ಹೇಗೆ?

ಈಸ್ಟ್ರೋಜನ್ ಹಾರ್ಮೋನ್ ಪದರವನ್ನು ದಪ್ಪಗೊಳಿಸಿ ಕೋಶಗಳಲ್ಲಿ ಗ್ಲೈಕೋಜನ್ ಶೇಖರಿಸುತ್ತದೆ. ಕೋಶ ಕಳಚಿ ಒಡೆದಾಗ ಅದು ಹೊರಬರುತ್ತದೆ. ದೇಹದ ಆಲ್ಫಾ ಅಮೈಲೇಸ್ ಕಿಣ್ವ ಅದನ್ನು ಮಾಲ್ಟೋಸ್, ಮಾಲ್ಟೋಟ್ರಯೋಸ್, ಮಾಲ್ಟೋಟೆಟ್ರಯೋಸ್‌ನಂಥ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಬ್ಯಾಕ್ಟೀರಿಯಾ ದೇಹದ ಕಿಣ್ವವನ್ನಷ್ಟೇ ನೆಚ್ಚಿಕೊಂಡಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್‌ನ ಅನೇಕ ತಳಿಗಳಲ್ಲಿ ಗ್ಲೈಕೋಜನ್ನಿನ ಕವಲುಗಳನ್ನು ಕತ್ತರಿಸುವ ಪುಲ್ಲುಲನೇಸ್ ಎಂಬ ಸ್ವಂತ ಕಿಣ್ವವೂ ಇದೆ.

ಮೈನೆರೆಯುವ ಮೊದಲು ಮತ್ತು ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆ. ಪದರ ತೆಳು, ಗ್ಲೈಕೋಜನ್ ಕಡಿಮೆ, ಆಮ್ಲೀಯತೆಯೂ ಕಡಿಮೆ. ಮುಟ್ಟು ನಿಂತವರಿಗೆ ಯೋನಿಯಲ್ಲಿ ಬಳಸುವ ಈಸ್ಟ್ರೋಜನ್ ಕೊಟ್ಟಾಗ ಹಲವರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮರಳುವುದು ಇದೇ ಕಾರಣಕ್ಕೆ. ಅಲ್ಲಿ ಬ್ಯಾಕ್ಟೀರಿಯಾ ಕೊಟ್ಟಿರುವುದಿಲ್ಲ, ಅದು ಬೆಳೆಯುವ ಪದರವನ್ನು ಸರಿಪಡಿಸಿರುತ್ತಾರೆ, ಅಷ್ಟೇ.

ಸಾಮಾನ್ಯವಾಗಿ ಅಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತವೆ?

ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲಿ ಯೋನಿಸ್ರಾವದಲ್ಲಿ ಆಮ್ಲ ಉತ್ಪಾದಿಸುವ ಕೋಲಿನಾಕಾರದ ಬ್ಯಾಕ್ಟೀರಿಯಾಗಳನ್ನು ವರ್ಣಿಸಿದರು. 2011ರಲ್ಲಿ ಜಾಕ್ ರವೆಲ್ ಮತ್ತು ಸಂಗಡಿಗರು ಉತ್ತರ ಅಮೆರಿಕದ 396 ಆರೋಗ್ಯವಂತ ಮಹಿಳೆಯರ ಮಾದರಿಗಳಲ್ಲಿ ಐದು ಗುಂಪುಗಳನ್ನು ಗುರುತಿಸಿದರು. ನಾಲ್ಕರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ನ ಒಂದೊಂದು ಪ್ರಭೇದದ ಮೇಲುಗೈ: ಒಂದನೆಯದರಲ್ಲಿ ಕ್ರಿಸ್ಪೇಟಸ್, ಎರಡರಲ್ಲಿ ಗ್ಯಾಸೆರಿ, ಮೂರರಲ್ಲಿ ಇನರ್ಸ್, ಐದರಲ್ಲಿ ಜೆನ್ಸೆನಿಯೈ ಮೇಲುಗೈ ಪಡೆದಿದ್ದವು. ನಾಲ್ಕನೆಯ ಗುಂಪಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ. ಗಾರ್ಡ್ನರೆಲ್ಲಾ, ಪ್ರಿವೊಟೆಲ್ಲಾ, ಸ್ನೀಥಿಯಾ, ಹಿಂದೆ ಅಟೊಪೋಬಿಯಂ ಎನ್ನುತ್ತಿದ್ದ ಫ್ಯಾನಿಹೆಸಿಯಾ ಮುಂತಾದವು ಬೆರೆತಿದ್ದವು. ಸುಮಾರು 27% ಮಹಿಳೆಯರು ಈ ಗುಂಪಿನವರು, ಅವರಿಗೂ ಯಾವ ತೊಂದರೆಯೂ ಇರಲಿಲ್ಲ. ನಾಲ್ಕನೆಯ ಗುಂಪು ಎಂದು ವರದಿ ಬಂದ ಮಾತ್ರಕ್ಕೆ ರೋಗ ಎಂದು ಬರೆಯುವುದು ತಪ್ಪು.

ಲ್ಯಾಕ್ಟಿಕ್ ಆಮ್ಲ ಅಷ್ಟು ಮುಖ್ಯವೇ? ಪಿಎಚ್ ಕಡಿಮೆ ಇದ್ದರೆ ಸಾಲದೇ?

ಸಾಲದು. ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ ಇರುವ ಯೋನಿಯಲ್ಲಿ ಲ್ಯಾಕ್ಟಿಕ್ ಆಮ್ಲ ಸುಮಾರು 1%, ಅಂದರೆ 110 ಮಿಲಿಮೋಲಾರ್ ಆಸುಪಾಸಿನಲ್ಲಿರುತ್ತದೆ. ಪಿಎಚ್, ಅಂದರೆ ಆಮ್ಲೀಯತೆಯ ಅಳತೆ (ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು), 3.5ರಿಂದ 4ರ ಒಳಗೆ ಇರುತ್ತದೆ. ಲ್ಯಾಕ್ಟಿಕ್ ಆಮ್ಲದ ಪಿಕೆಎ 3.86. ಅಂದರೆ ಪಿಎಚ್ 3.86 ಇದ್ದಾಗ ಅರ್ಧ ಅಣುಗಳು ವಿದ್ಯುದಾವೇಶವಿಲ್ಲದ ಆಮ್ಲರೂಪದಲ್ಲಿರುತ್ತವೆ, ಉಳಿದರ್ಧ ಲ್ಯಾಕ್ಟೇಟ್ ಆಗಿರುತ್ತವೆ. ಪಿಎಚ್ 3.5ಕ್ಕೆ ಇಳಿದರೆ ಸುಮಾರು 70% ಆಮ್ಲರೂಪ; 4.5ಕ್ಕೆ ಏರಿದರೆ ಸುಮಾರು 19%. 7ರಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಆವೇಶವಿಲ್ಲದ ರೂಪವೇ ಬ್ಯಾಕ್ಟೀರಿಯಾದ ಪೊರೆಯನ್ನು ದಾಟಿ ಒಳಗೆ ಆಮ್ಲೀಯತೆ ಹೆಚ್ಚಿಸಿ ಅದನ್ನು ಕೊಲ್ಲುವುದು. ಪಿಎಚ್‌ನಲ್ಲಿ ಒಂದು ಅಂಕಿಯ ಏರಿಕೆ ಯಾಕೆ ಇಷ್ಟು ದುಬಾರಿ ಎಂಬುದು ಈ ಲೆಕ್ಕದಲ್ಲಿದೆ.

ಅನುಲೇಪಕ ಕೋಶಗಳ ಮೇಲಿನ ಪರಿಣಾಮವೂ ಇದೇ ರೂಪವನ್ನು ಅವಲಂಬಿಸಿದೆ. ಪಿಎಚ್ 3.9ರಲ್ಲಿ 0.3% ಲ್ಯಾಕ್ಟಿಕ್ ಆಮ್ಲ ತಾಕಿಸಿದ ಕೋಶಗಳು ಉರಿಯೂತ ತಗ್ಗಿಸುವ ಐಎಲ್-1ಆರ್‌ಎ ಪ್ರೋಟೀನನ್ನು ಹೆಚ್ಚು ಸ್ರವಿಸುತ್ತವೆ. ಪ್ರಚೋದಕ ಹಾಕಿದಾಗ ಹೊರಬರುವ, ಉರಿಯೂತ ಹೆಚ್ಚಿಸುವ ಐಎಲ್-6, ಐಎಲ್-8 ಕಡಿಮೆಯಾಗುತ್ತವೆ. ಹೈಡ್ರೋಕ್ಲೋರಿಕ್ ಆಮ್ಲದಿಂದ ಅದೇ ಪಿಎಚ್ ತಂದರೆ ಈ ಫಲ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ: ಲ್ಯಾಕ್ಟಿಕ್ ಆಮ್ಲಕ್ಕೆ ಡಿ ಮತ್ತು ಎಲ್ ಎಂಬ ಎರಡು ಪ್ರತಿಬಿಂಬ ರೂಪಗಳಿವೆ. ನಮ್ಮ ಕೋಶಗಳು ಸ್ವಲ್ಪ ಪ್ರಮಾಣದಲ್ಲಿ ಎಲ್ ರೂಪ ತಯಾರಿಸುತ್ತವೆ. ಯೋನಿಯಲ್ಲಿ ಡಿ ರೂಪ ಹೇರಳವಾಗಿದೆಯೆಂದರೆ ಅದು ಬ್ಯಾಕ್ಟೀರಿಯಾದ್ದು. ಕ್ರಿಸ್ಪೇಟಸ್ ಮತ್ತು ಗ್ಯಾಸೆರಿ ಎರಡನ್ನೂ ಮಾಡುತ್ತವೆ, ಜೆನ್ಸೆನಿಯೈ ಡಿ ಮಾತ್ರ, ಇನರ್ಸ್ ಎಲ್ ಮಾತ್ರ.

ರಕ್ಷಣೆಗೆ ಹೈಡ್ರೋಜನ್ ಪೆರಾಕ್ಸೈಡ್ ಕಾರಣ ಎಂದು ಓದಿದ್ದೆವಲ್ಲ?

ಹಳೆಯ ಪಠ್ಯಗಳಲ್ಲಿ ಹಾಗಿದೆ. ಪೆರಾಕ್ಸೈಡ್ ಮಾಡಲು ಆಮ್ಲಜನಕ ಬೇಕು, ಯೋನಿಯಲ್ಲಿ ಅದು ತೀರಾ ಕಡಿಮೆ. ಉಂಟಾದ ಅಲ್ಪಸ್ವಲ್ಪವನ್ನೂ ಯೋನಿಸ್ರಾವ ಮತ್ತು ವೀರ್ಯ ನಿಷ್ಕ್ರಿಯಗೊಳಿಸುತ್ತವೆ. ರಕ್ಷಣೆಯ ಮುಖ್ಯ ಹೊಣೆಯನ್ನು ಈಗ ಲ್ಯಾಕ್ಟಿಕ್ ಆಮ್ಲಕ್ಕೇ ಕೊಡಬೇಕು.

ಇನರ್ಸ್ ಕೂಡ ಲ್ಯಾಕ್ಟೋಬ್ಯಾಸಿಲಸ್ ತಾನೆ? ಅದನ್ನೇಕೆ ಬೇರೆಯಾಗಿ ನೋಡುತ್ತೀರಿ?

1999ರಲ್ಲಿ ವರ್ಣಿಸಲ್ಪಟ್ಟ ಇದರ ಜೀನೋಮ್ ಸುಮಾರು 1.3 ಮೆಗಾಬೇಸ್ (13 ಲಕ್ಷ ಡಿಎನ್‌ಎ ಅಕ್ಷರಗಳು), ಕ್ರಿಸ್ಪೇಟಸ್‌ಗಿಂತ ಬಹಳ ಚಿಕ್ಕದು. ಡಿ-ಲ್ಯಾಕ್ಟಿಕ್ ಆಮ್ಲ ಮಾಡುವ ಶಕ್ತಿ ಇಲ್ಲ. ಕೋಶಪೊರೆಯಲ್ಲಿ ರಂಧ್ರ ಕೊರೆಯುವ ಇನರೋಲೈಸಿನ್ ಎಂಬ ವಿಷ ಇದೆ. ಆರೋಗ್ಯದಲ್ಲೂ ಇರುತ್ತದೆ, ಸಮತೋಲ ತಪ್ಪಿದಾಗಲೂ ಉಳಿದುಕೊಳ್ಳುತ್ತದೆ. ಆದ್ದರಿಂದ ವರದಿಯಲ್ಲಿ "ಲ್ಯಾಕ್ಟೋಬ್ಯಾಸಿಲಸ್ 90%" ಎಂದಷ್ಟೇ ಇದ್ದರೆ ಯಾವ ಪ್ರಭೇದ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಗಾರ್ಡ್ನರೆಲ್ಲಾ ಕೋಶಗಳಿಗೆ ನಿಜವಾಗಿ ಏನು ಮಾಡುತ್ತದೆ?

ಗಾರ್ಡ್ನರ್ ಮತ್ತು ಡ್ಯೂಕ್ಸ್ 1955ರಲ್ಲಿ ಇದನ್ನು ಹೀಮೋಫಿಲಸ್ ವಜೈನಾಲಿಸ್ ಎಂದು ಕರೆದರು. 1980ರಲ್ಲಿ ಗಾರ್ಡ್ನರೆಲ್ಲಾ ಎಂಬ ಕುಲನಾಮ ಬಂತು. 2019ರಿಂದ ಅದನ್ನು ಹಲವು ಪ್ರಭೇದಗಳಾಗಿ ವಿಂಗಡಿಸಲಾಗಿದೆ, ಮತ್ತು ಎಲ್ಲಾ ತಳಿಗಳ ಸ್ವಭಾವ ಒಂದೇ ಅಲ್ಲ. ಅದರ ಕೆಲಸದಲ್ಲಿ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಸಿಯಾಲಿಡೇಸ್. ಲೋಳೆಯ ಪ್ರೋಟೀನುಗಳ ತುದಿಯಲ್ಲಿರುವ ಸಿಯಾಲಿಕ್ ಆಮ್ಲವನ್ನು ಈ ಕಿಣ್ವ ಕತ್ತರಿಸುತ್ತದೆ. ಲೋಳೆ ತೆಳುವಾಗುತ್ತದೆ, ಕೋಶದ ಮೇಲ್ಮೈ ಬಯಲಾಗುತ್ತದೆ, ಬಿಡುಗಡೆಯಾದ ಸಕ್ಕರೆ ಬೇರೆ ಬ್ಯಾಕ್ಟೀರಿಯಾಗೆ ಆಹಾರವಾಗುತ್ತದೆ. ಬಿಳಿಸೆರಗು ಗಟ್ಟಿತನ ಕಳೆದುಕೊಂಡು ನೀರಾಗಿ, ಬೂದುಬಿಳಿಯಾಗಿ ಗೋಡೆಗೆ ಸವರಿದಂತೆ ಕಾಣುವುದಕ್ಕೆ ಇದೊಂದು ಕಾರಣ.

ಎರಡನೆಯದು ವಜೈನೋಲೈಸಿನ್. ಮಾನವ ಕೋಶಗಳ ಮೇಲಿರುವ ಸಿಡಿ59 ಪ್ರೋಟೀನಿಗೆ ಅಂಟಿ, ಪೊರೆಯ ಕೊಲೆಸ್ಟ್ರಾಲ್ ಬಳಸಿ ರಂಧ್ರ ಮಾಡುತ್ತದೆ. ಇಲಿಯ ಸಿಡಿ59 ಇದಕ್ಕೆ ಹೊಂದುವುದಿಲ್ಲ, ಆದ್ದರಿಂದ ಇಲಿಯಲ್ಲಿ ಈ ವಿಷದ ಪರಿಣಾಮ ಕಾಣಲಿಲ್ಲವೆಂದು ಅದು ನಿರುಪದ್ರವಿ ಎನ್ನಲಾಗದು.

ಮೂರನೆಯದು ಬಯೋಫಿಲ್ಮ್. ಗಾರ್ಡ್ನರೆಲ್ಲಾ ಅನುಲೇಪಕ ಕೋಶಗಳ ಮೇಲೆ ದಟ್ಟವಾದ ಹಾಸು ಕಟ್ಟುತ್ತದೆ ಎಂದು 2005ರಲ್ಲಿ ಸ್ವಿಡ್ಸಿನ್ಸ್ಕಿ ತಂಡ ತೋರಿಸಿತು. ಆ ಹಾಸಿನಲ್ಲಿ ಫ್ಯಾನಿಹೆಸಿಯಾದಂಥವೂ ಸೇರಿಕೊಳ್ಳುತ್ತವೆ. ಕಳಚಿದ ಕೋಶದ ಮೇಲೆ ಅದೇ ಹಾಸು ಅಂಟಿಕೊಂಡು ಬಂದಾಗ ಸೂಕ್ಷ್ಮದರ್ಶಕದಲ್ಲಿ 'ಕ್ಲೂ ಕೋಶ' ಕಾಣುತ್ತದೆ: ಮೆಣಸಿನ ಪುಡಿ ಉದುರಿಸಿದಂತೆ ಮೇಲೆಲ್ಲ ಚುಕ್ಕೆಗಳು, ಕೋಶದ ಅಂಚೇ ಸ್ಪಷ್ಟವಿಲ್ಲ.

ಗಾರ್ಡ್ನರೆಲ್ಲಾ ಒಂಟಿಯಾಗಿ ದುಡಿಯುವುದೂ ಇಲ್ಲ. ಪ್ರಿವೊಟೆಲ್ಲಾ ಬಿಡುವ ಅಮೋನಿಯಾವನ್ನು ಅದು ಬಳಸಿಕೊಳ್ಳುತ್ತದೆ, ಅದು ಬಿಡುವ ಅಮೈನೋ ಆಮ್ಲಗಳು ಪ್ರಿವೊಟೆಲ್ಲಾಗೆ ನೆರವಾಗುತ್ತವೆ.

ಇಷ್ಟೆಲ್ಲ ಆದರೂ ಬ್ಯಾಕ್ಟೀರಿಯಲ್ ವೆಜೈನೋಸಿಸ್‌ನಲ್ಲಿ ಕೆಂಪು, ಊತ ಯಾಕೆ ಕಾಣುವುದಿಲ್ಲ?

ಲ್ಯಾಕ್ಟೋಬ್ಯಾಸಿಲಸ್ ಕುಗ್ಗಿ ಗಾರ್ಡ್ನರೆಲ್ಲಾದಂಥವು ಹೆಚ್ಚುವ, ಬಿವಿ ಎಂದು ಚಿಕ್ಕದಾಗಿ ಕರೆಯುವ ಈ ಸ್ಥಿತಿಯಲ್ಲಿ ಬಿಳಿ ರಕ್ತಕಣಗಳು ಅಷ್ಟಾಗಿ ನುಗ್ಗಿ ಬರುವುದಿಲ್ಲ. ಆದರೆ ಕೋಶಗಳು ಸುಮ್ಮನಿಲ್ಲ. ಉರಿಯೂತ ಹೆಚ್ಚಿಸುವ ಐಎಲ್-1 ಬೀಟಾ ಏರುತ್ತದೆ, ರಕ್ಷಕ ಪ್ರೋಟೀನಾದ ಎಸ್‌ಎಲ್‌ಪಿಐ ಇಳಿಯುತ್ತದೆ, ರಕ್ಷಣಾ ಕೋಶಗಳನ್ನು ಕರೆಯುವ ಐಪಿ-10 ಕೂಡ ಇಳಿಯುತ್ತದೆ. ಕಣ್ಣಿಗೆ ಕಾಣದ ಉರಿಯೂತ ಇದು. ತುರಿಕೆ, ಕೆಂಪು, ನೋವು ಜೋರಾಗಿದ್ದರೆ ಕ್ಯಾಂಡಿಡಾ ಶಿಲೀಂಧ್ರ, ಟ್ರೈಕೊಮೊನಾಸ್ ಮುಂತಾದ ಬೇರೆ ಕಾರಣಗಳನ್ನು ಹುಡುಕಬೇಕು. ಕ್ಯಾಂಡಿಡಾ ಲ್ಯಾಕ್ಟೋಬ್ಯಾಸಿಲಸ್ ಚೆನ್ನಾಗಿರುವಲ್ಲೂ, ಸಾಮಾನ್ಯ ಪಿಎಚ್‌ನಲ್ಲೂ ಬೆಳೆಯಬಲ್ಲದು.

ಬಿವಿಯನ್ನು ಪತ್ತೆ ಹಚ್ಚುವುದು ಹೇಗೆ? ಪಿಎಚ್ ಪಟ್ಟಿ ಸಾಕೇ?

1983ರ ಆಮ್ಸೆಲ್ ಮಾನದಂಡದಲ್ಲಿ ನಾಲ್ಕು ಗುರುತುಗಳಿವೆ: ತೆಳುವಾದ ಏಕರೂಪದ ಸ್ರಾವ, ಪಿಎಚ್ 4.5ಕ್ಕಿಂತ ಹೆಚ್ಚು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದಾಗ ಮೀನಿನ ವಾಸನೆ, ಮತ್ತು ಅನುಲೇಪಕ ಕೋಶಗಳಲ್ಲಿ ಕನಿಷ್ಠ 20% ಕ್ಲೂ ಕೋಶಗಳು. ಮೂರಾದರೂ ಇರಬೇಕು. ವಾಸನೆ ಟ್ರೈಮೀಥೈಲ್ ಅಮೈನ್, ಪುಟ್ರೆಸಿನ್, ಕೆಡವರಿನ್‌ನಂಥ ಅಮೈನುಗಳದ್ದು. ಕ್ಷಾರ ತಾಕಿದಾಗ ಅವು ಹಾರಿ ಮೂಗಿಗೆ ತಲುಪುತ್ತವೆ. ವೀರ್ಯವೂ ಕ್ಷಾರೀಯವಾದ್ದರಿಂದ ಸಂಭೋಗದ ನಂತರ ವಾಸನೆ ಹೆಚ್ಚೆನಿಸುತ್ತದೆ.

ಲ್ಯಾಬಿನಲ್ಲಿ 1991ರ ನ್ಯೂಜೆಂಟ್ ಅಂಕ ಬಳಕೆಯಲ್ಲಿದೆ. ಗ್ರಾಂ ಬಣ್ಣ ಹಾಕಿದ ಸ್ಲೈಡನ್ನು ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರದಲ್ಲಿ ಎಣಿಸಿ, ಉದ್ದ ಕೋಲುಗಳು (ಲ್ಯಾಕ್ಟೋಬ್ಯಾಸಿಲಸ್) ಕಡಿಮೆಯಾದಷ್ಟೂ 0ರಿಂದ 4, ಸಣ್ಣ ಕೋಲುಗಳು ಹೆಚ್ಚಾದಷ್ಟೂ 0ರಿಂದ 4, ಬಾಗಿದ ಕೋಲುಗಳಿಗೆ 0ರಿಂದ 2 ಅಂಕ ಕೊಡುತ್ತಾರೆ. 0–3 ಸಹಜ, 4–6 ನಡುವಿನ ಸ್ಥಿತಿ, 7–10 ಬಿವಿ.

ಪಿಎಚ್ ಪಟ್ಟಿ ಒಂದೇ ಸಾಲದು. ಅದನ್ನು ಯೋನಿಯ ಪಕ್ಕದ ಗೋಡೆಗೆ ತಾಕಿಸಬೇಕು. ಗರ್ಭಕಂಠದ ಲೋಳೆ, ಮುಟ್ಟಿನ ರಕ್ತ, ವೀರ್ಯ, ಕೆಲವು ಜೆಲ್‌ಗಳು ಓದನ್ನು ಮೇಲೇರಿಸುತ್ತವೆ. ಮುಟ್ಟಿನ ದಿನಗಳಲ್ಲಿ ಬಂದ 5 ಎಂಬ ಓದಿಗೆ ಅರ್ಥವೇ ಇಲ್ಲ.

ಮಾತ್ರೆ ತೆಗೆದುಕೊಂಡ ಮೇಲೂ ಬಿವಿ ಮತ್ತೆ ಮತ್ತೆ ಯಾಕೆ ಬರುತ್ತದೆ?

ವೈದ್ಯರು ಸಾಮಾನ್ಯವಾಗಿ ಕೊಡುವುದು ಮೆಟ್ರೊನಿಡಜೋಲ್ 500 ಮಿಲಿಗ್ರಾಂ ದಿನಕ್ಕೆರಡು ಸಲ, 7 ದಿನ. ಇಲ್ಲವೇ ಯೋನಿಯಲ್ಲಿ ಬಳಸುವ ಜೆಲ್ ಅಥವಾ ಕ್ಲಿಂಡಮೈಸಿನ್ ಕ್ರೀಮ್. ಔಷಧ ಬ್ಯಾಕ್ಟೀರಿಯಾ ಸಂಖ್ಯೆ ಇಳಿಸುತ್ತದೆ, ಆದರೆ ಬಯೋಫಿಲ್ಮ್ ಹಾಸಿನ ಅವಶೇಷ ಉಳಿಯಬಹುದು. ಖಾಲಿಯಾದ ಜಾಗಕ್ಕೆ ಮೊದಲು ಬರುವುದು ಹೆಚ್ಚಾಗಿ ಇನರ್ಸ್, ಕ್ರಿಸ್ಪೇಟಸ್ ಅಲ್ಲ. ಸಂಗಾತಿಯಿಂದ ಮರಳಿ ಬರುವ ದಾರಿಯೂ ಇದೆ. ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ಮರುಕಳಿಸಿದ್ದನ್ನು 2006ರ ಅಧ್ಯಯನವೊಂದು ದಾಖಲಿಸಿದೆ.

ಎರಡು ಪ್ರಯೋಗಗಳನ್ನು ಗಮನಿಸಬೇಕು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೆಟ್ರೊನಿಡಜೋಲ್ ಜೆಲ್ ಬಳಿಕ ಕ್ರಿಸ್ಪೇಟಸ್‌ನ ಸಿಟಿವಿ-05 ತಳಿಯನ್ನು ಯೋನಿಯಲ್ಲಿ ಇಟ್ಟವರಲ್ಲಿ 12 ವಾರಕ್ಕೆ ಮರುಕಳಿಕೆ 30%, ಬ್ಯಾಕ್ಟೀರಿಯಾ ಇಲ್ಲದ ಹೋಲಿಕೆಯ ಔಷಧ (ಪ್ಲಸೀಬೊ) ಪಡೆದವರಲ್ಲಿ 45%. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಪುರುಷ ಸಂಗಾತಿಗೂ 7 ದಿನ ಮಾತ್ರೆ ಮತ್ತು ಕ್ಲಿಂಡಮೈಸಿನ್ ಕ್ರೀಮ್ ಕೊಟ್ಟಾಗ 12 ವಾರಕ್ಕೆ ಮರುಕಳಿಕೆ 35%, ಮಹಿಳೆಗೆ ಮಾತ್ರ ಕೊಟ್ಟಾಗ 63%. ಪದೇ ಪದೇ ಮರುಕಳಿಸುತ್ತಿದ್ದರೆ ಸಂಗಾತಿಯ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ನೇರವಾಗಿ ಕೇಳಿ, ಸಂಕೋಚ ಬೇಡ.

ಬಾಯಿಯಿಂದ ಸೇವಿಸುವ ಪ್ರೊಬಯೋಟಿಕ್ ಕೊಳ್ಳುವ ಮುನ್ನ ಪ್ರಭೇದದ ಹೆಸರು ಓದಿ. ಅನೇಕ ಡಬ್ಬಿಗಳಲ್ಲಿರುವುದು ಕರುಳಿನ ಅಥವಾ ಹಾಲಿನ ಪ್ರಭೇದಗಳು, ಯೋನಿಯಲ್ಲಿ ನೆಲೆಯೂರುವಂಥವಲ್ಲ.

ಒಳಗೆ ತೊಳೆದುಕೊಂಡರೆ ಒಳ್ಳೆಯದೇ?

ಬೇಡ. ನೀರು, ಸೋಪು, ದ್ರಾವಣ ಯಾವುದೇ ಇರಲಿ, ಅದು ಲ್ಯಾಕ್ಟಿಕ್ ಆಮ್ಲವನ್ನೂ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಾಗೆ ತೊಳೆಯುವವರಲ್ಲಿ ಬಿವಿ ಹೆಚ್ಚು ಕಾಣುತ್ತದೆ.

ಎಚ್‌ಐವಿ, ಕ್ಲಮಿಡಿಯಾ ಸೋಂಕಿಗೂ ಇದಕ್ಕೂ ಏನು ಸಂಬಂಧ?

ಕ್ಲಮಿಡಿಯಾದಲ್ಲಿ ಕಾರ್ಯಕಾರಣ ಹೀಗಿರಬಹುದು. ಸೋಂಕಿತ ಕೋಶ ಗಾಮಾ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನಿನ ಪ್ರಭಾವದಿಂದ ತನ್ನ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆದು ಕ್ಲಮಿಡಿಯಾವನ್ನು ಹಸಿವಿಗೆ ದೂಡುತ್ತದೆ. ಆದರೆ ಜನನಾಂಗದ ಕ್ಲಮಿಡಿಯಾ ತಳಿಗಳು ಇಂಡೋಲ್‌ನಿಂದ ಟ್ರಿಪ್ಟೊಫಾನ್ ಕಟ್ಟಿಕೊಳ್ಳಬಲ್ಲವು, ಮತ್ತು ಕೆಲವು ಪ್ರಿವೊಟೆಲ್ಲಾಗಳು ಇಂಡೋಲ್ ಒದಗಿಸುತ್ತವೆ. ಕೋಶದ ರಕ್ಷಣೆಯನ್ನು ನೆರೆಯ ಬ್ಯಾಕ್ಟೀರಿಯಾ ಹೀಗೆ ಮುರಿಯುತ್ತದೆ.

ಎಚ್‌ಐವಿ ವಿಷಯದಲ್ಲಿ, ದಕ್ಷಿಣ ಆಫ್ರಿಕಾದ ಕಪ್ರಿಸಾ 004 ಪ್ರಯೋಗದ ಮಾದರಿಗಳ 2017ರ ವಿಶ್ಲೇಷಣೆ ನೋಡಿ: ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ ಇದ್ದವರಲ್ಲಿ ಎಚ್‌ಐವಿ ತಡೆಯುವ ಟೆನೊಫೊವಿರ್ ಜೆಲ್ ಸೋಂಕನ್ನು 61% ಇಳಿಸಿತು, ಉಳಿದವರಲ್ಲಿ 18% ಮಾತ್ರ. ಗಾರ್ಡ್ನರೆಲ್ಲಾ ಔಷಧವನ್ನೇ ಒಡೆದುಹಾಕುತ್ತಿತ್ತು.

ಲ್ಯಾಬಿನಲ್ಲಿ ಯಾವ ಕೋಶಗಳಿಂದ ಆರಂಭಿಸಬೇಕು?

ಹೆಚ್ಚಿನವರು ವಿಕೆ2/ಇ6ಇ7 ಬಳಸುತ್ತಾರೆ. ಇದು ಪ್ಯಾಪಿಲೋಮಾ ವೈರಸ್ 16ರ ಇ6, ಇ7 ವಂಶವಾಹಿಗಳಿಂದ ಅಮರಗೊಳಿಸಿದ, 1997ರಲ್ಲಿ ವರದಿಯಾದ ಯೋನಿಕೋಶ ಸಾಲು. ಸೀರಂ ಇಲ್ಲದ ಕೆರಟಿನೋಸೈಟ್ ಮಾಧ್ಯಮಕ್ಕೆ ಮಿಲಿಲೀಟರಿಗೆ 0.1 ನ್ಯಾನೋಗ್ರಾಂ ಇಜಿಎಫ್ (ಕೋಶ ಬೆಳೆಸುವ ಪ್ರೋಟೀನು), 0.05 ಮಿಲಿಗ್ರಾಂ ದನದ ಪಿಟ್ಯುಟರಿ ಸಾರ ಸೇರಿಸಿ, ಕ್ಯಾಲ್ಸಿಯಂ 0.4 ಮಿಲಿಮೋಲಾರ್ ಆಗುವಂತೆ ಹೊಂದಿಸಬೇಕು. ಟ್ರಿಪ್ಸಿನ್ ಹಾಕಿದ ಮೇಲೆ ಸೀರಂ ಇರುವ ದ್ರವದಿಂದ ಅದನ್ನು ತಡೆದು, ಸೆಂಟ್ರಿಫ್ಯೂಜ್ ಮಾಡಿ ತೆಗೆಯಬೇಕು. ಮಾಧ್ಯಮದಲ್ಲಿ ಸೀರಂ ಇಲ್ಲದ್ದರಿಂದ ಟ್ರಿಪ್ಸಿನ್ ತಾನಾಗಿ ನಿಲ್ಲದು, ಕೋಶಗಳು ಅಂಟದೆ ತೇಲುತ್ತವೆ.

ಪ್ಲಾಸ್ಟಿಕ್ಕಿನ ಮೇಲೆ ಒಂದೇ ಪದರವಾಗಿ ಬೆಳೆದ ವಿಕೆ2ನಲ್ಲಿ ನಿಜವಾದ ಪದರ ರಚನೆ ಇರುವುದಿಲ್ಲ. ತಡೆಗೋಡೆಯ ಬಗ್ಗೆ ಪ್ರಶ್ನೆ ಇದ್ದರೆ ರಂಧ್ರವುಳ್ಳ ಪೊರೆಯ ಮೇಲೆ ಗಾಳಿ-ದ್ರವದ ಗಡಿಯಲ್ಲಿ ಬೆಳೆಸಿ, ಅಥವಾ ತಿರುಗುವ ಬಯೋರಿಯಾಕ್ಟರಿನಲ್ಲಿ ಮಣಿಗಳ ಮೇಲೆ ಬೆಳೆಸುವ ಮೂರು ಆಯಾಮದ ಮಾದರಿಗೆ ಹೋಗಿ.

ಕೋಶ ಮತ್ತು ಬ್ಯಾಕ್ಟೀರಿಯಾ ಜೊತೆಯಾಗಿ ಬೆಳೆಸುವ ಕ್ರಮ ಏನು?

24 ಗುಳಿಗಳ ತಟ್ಟೆಯಲ್ಲಿ ಗುಳಿಗೆ ಸುಮಾರು 2 ಲಕ್ಷ ಕೋಶಗಳಿದ್ದು, ಕೋಶಕ್ಕೆ 10 ಬ್ಯಾಕ್ಟೀರಿಯಾ ಬೇಕೆಂದರೆ 20 ಲಕ್ಷ ಬೇಕು. ಅರ್ಧ ಮಿಲಿಲೀಟರಿನಲ್ಲಿ ಹಾಕುವುದಾದರೆ ಮಿಲಿಲೀಟರಿಗೆ 40 ಲಕ್ಷದ ದ್ರಾವಣ ಮಾಡಿಕೊಳ್ಳಿ. ಹಿಂದಿನ ದಿನವೇ ಪ್ರತಿಜೈವಿಕ ಇಲ್ಲದ ಮಾಧ್ಯಮಕ್ಕೆ ಕೋಶಗಳನ್ನು ಬದಲಿಸಿರಬೇಕು. ಬ್ಯಾಕ್ಟೀರಿಯಾವನ್ನು ತೊಳೆದು, ಕೋಶದ ಮಾಧ್ಯಮದಲ್ಲೇ ಕಲಸಿ ಹಾಕಿ. ಮಬ್ಬು ಅಳತೆಯನ್ನೊಂದೇ ನಂಬಬೇಡಿ. ಲ್ಯಾಕ್ಟೋಬ್ಯಾಸಿಲಸ್ ಸರಪಳಿಯಾಗಿ ಕೂಡಿರುವುದರಿಂದ ಲೆಕ್ಕ ತಪ್ಪುತ್ತದೆ, ಪ್ರತಿ ಸಲವೂ ಅಗಾರ್ ಮೇಲೆ ಹರಡಿ ಎಣಿಸಿ. 4, 8, 24 ಗಂಟೆಗೆ ಮೇಲಿನ ದ್ರವ ತೆಗೆದು ಸೈಟೊಕೈನ್ (ಐಎಲ್-8ನಂಥ ಸಂಕೇತ ಪ್ರೋಟೀನು), ಸತ್ತ ಕೋಶ ಸೂಚಿಸುವ ಎಲ್‌ಡಿಎಚ್, ಪಿಎಚ್ ಮೂರನ್ನೂ ಅಳೆಯಿರಿ.

ಕ್ರಿಸ್ಪೇಟಸ್ ಲ್ಯಾಕ್ಟೋಬ್ಯಾಸಿಲಸ್‌ಗಾಗಿಯೇ ಇರುವ ಎಂಆರ್‌ಎಸ್ ಮಾಧ್ಯಮದಲ್ಲಿ ಬೆಳೆಯುತ್ತದೆ. ಇನರ್ಸ್ ಸಾದಾ ಎಂಆರ್‌ಎಸ್‌ನಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಸಿಸ್ಟೀನ್ ಬೇಕು ಅಥವಾ ರಕ್ತದ ಅಗಾರ್ ಬೇಕು. ಗಾರ್ಡ್ನರೆಲ್ಲಾಗೆ ಎನ್‌ವೈಸಿ III ಅಥವಾ ರಕ್ತದ ಅಗಾರ್, 37 ಡಿಗ್ರಿ ಸೆಲ್ಸಿಯಸ್, ಆಮ್ಲಜನಕವಿಲ್ಲದ ಪೆಟ್ಟಿಗೆ.

ಫಲಿತಾಂಶ ಕೆಡುವುದು ಎಲ್ಲೆಲ್ಲಿ?

ಮೊದಲು ಆಮ್ಲದಲ್ಲಿ. ಫೀನಾಲ್ ರೆಡ್ ಇರುವ ಮಾಧ್ಯಮ ರಾತ್ರಿ ಕಳೆಯುವುದರೊಳಗೆ ಹಳದಿಯಾಗಿದ್ದರೆ, ನೀವು ನೋಡುತ್ತಿರುವುದು ಬ್ಯಾಕ್ಟೀರಿಯಾದ ಪರಿಣಾಮವೋ ಆಮ್ಲದ್ದೋ ಹೇಳಲಾಗದು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಬಳಸುವಾಗ ಹೋಲಿಕೆಗೆ ಮೂರು ಗುಳಿಗಳು ಕಡ್ಡಾಯ: ಬ್ಯಾಕ್ಟೀರಿಯಾ ಹಾಕದ ಎಂಆರ್‌ಎಸ್, ಹೈಡ್ರೋಕ್ಲೋರಿಕ್ ಆಮ್ಲದಿಂದ ಅದೇ ಪಿಎಚ್‌ಗೆ ತಂದ ಎಂಆರ್‌ಎಸ್, ಅದೇ ಪ್ರಮಾಣದ ಲ್ಯಾಕ್ಟಿಕ್ ಆಮ್ಲ ಸೇರಿಸಿ ಅದೇ ಪಿಎಚ್‌ಗೆ ತಂದ ಎಂಆರ್‌ಎಸ್. ದ್ರವವನ್ನು 7ಕ್ಕೆ ಸಮಗೊಳಿಸಿ "ಲ್ಯಾಕ್ಟೋಬ್ಯಾಸಿಲಸ್‌ಗೆ ಪರಿಣಾಮವಿಲ್ಲ" ಎಂದು ಬರೆಯುವ ಪ್ರಬಂಧಗಳಿವೆ. ಮೇಲಿನ ಲೆಕ್ಕದಂತೆ ಕೆಲಸ ಮಾಡುವ ರೂಪವನ್ನೇ ಅವರು ಅಲ್ಲಿ ತೆಗೆದುಹಾಕಿರುತ್ತಾರೆ.

ಎರಡನೆಯದು ತಪ್ಪು ಪ್ರಚೋದಕ. ವಿಕೆ2ನಲ್ಲಿ ಎಲ್‌ಪಿಎಸ್ (ಕೆಲವು ಬ್ಯಾಕ್ಟೀರಿಯಾದ ಹೊರಪೊರೆಯ ಅಣು) ಗುರುತಿಸುವ ಗ್ರಾಹಕಗಳಾದ ಟಿಎಲ್‌ಆರ್4 ಮತ್ತು ಎಂಡಿ-2 ಜೋಡಿ ಇಲ್ಲ. ಎಲ್‌ಪಿಎಸ್ ಹಾಕಿ ಐಎಲ್-8 ಬರಲಿಲ್ಲವೆಂದು ಕೋಶಗಳನ್ನು ಎಸೆಯಬೇಡಿ. ಟಿಎಲ್‌ಆರ್2ಗೆ ಎಫ್‌ಎಸ್‌ಎಲ್-1, ಟಿಎಲ್‌ಆರ್3ಗೆ ಪಾಲಿ ಐಸಿ ಬಳಸಿ.

ಮೂರನೆಯದು ಮೈಕೋಪ್ಲಾಸ್ಮಾ ಮಾಲಿನ್ಯ. ಅದೇ ಟಿಎಲ್‌ಆರ್2 ಅನ್ನು ಪ್ರಚೋದಿಸುವುದರಿಂದ ಏನೂ ಹಾಕದ ಗುಳಿಯಲ್ಲೂ ಸೈಟೊಕೈನ್ ಏರಿರುತ್ತದೆ.

ಇಲಿಗಳಲ್ಲಿ ಪ್ರಯೋಗ ಮಾಡಬಹುದೇ?

ಸೀಮಿತ ಪ್ರಶ್ನೆಗಳಿಗೆ ಮಾತ್ರ. ಇಲಿಯ ಯೋನಿಯ ಪಿಎಚ್ ತಟಸ್ಥಕ್ಕೆ ಹತ್ತಿರ, ಮಾನವ ಲ್ಯಾಕ್ಟೋಬ್ಯಾಸಿಲಸ್‌ಗಳು ಅಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಇಷ್ಟು ಆಮ್ಲೀಯವಾದ, ಲ್ಯಾಕ್ಟೋಬ್ಯಾಸಿಲಸ್ ತುಂಬಿದ ಯೋನಿ ಸಸ್ತನಿಗಳಲ್ಲಿ ಮನುಷ್ಯರಿಗೇ ವಿಶೇಷ.

ಡಿಎನ್‌ಎ ಅನುಕ್ರಮ ವರದಿಯಲ್ಲಿ ಏನನ್ನು ಪರೀಕ್ಷಿಸಬೇಕು?

ಬ್ಯಾಕ್ಟೀರಿಯಾ ಗುರುತಿಸಲು ಓದುವ 16ಎಸ್ ವಂಶವಾಹಿಯ ಯಾವ ಭಾಗ ಓದಿದ್ದಾರೆ ಎಂಬುದನ್ನು. ವಿ4 ಭಾಗವೊಂದನ್ನೇ ಓದಿದರೆ ಲ್ಯಾಕ್ಟೋಬ್ಯಾಸಿಲಸ್ ಪ್ರಭೇದಗಳು ಸರಿಯಾಗಿ ಬೇರೆಯಾಗುವುದಿಲ್ಲ. ಸಾದಾ 27ಎಫ್ ಪ್ರೈಮರ್ (ಓದು ಆರಂಭಿಸುವ ಡಿಎನ್‌ಎ ತುಣುಕು) ಗಾರ್ಡ್ನರೆಲ್ಲಾಗೆ ಪೂರ್ತಿ ಹೊಂದದ ಕಾರಣ ಅದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ತಿದ್ದಿದ ಪ್ರೈಮರ್ ಮಿಶ್ರಣ ಬಳಸಿರಬೇಕು. ಶೇಕಡಾವಾರು ಮಾತ್ರ ಕೊಟ್ಟ ವರದಿಯಲ್ಲಿ ಒಟ್ಟು ಎಷ್ಟು ಬ್ಯಾಕ್ಟೀರಿಯಾ ಇತ್ತು ಎಂಬುದು ಅಡಗಿಹೋಗಿರುತ್ತದೆ. ಅದಕ್ಕೆ ಡಿಎನ್‌ಎ ಪ್ರಮಾಣ ಅಳೆಯುವ ಕ್ವಾಂಟಿಟೇಟಿವ್ ಪಿಸಿಆರ್ ಜೊತೆಗಿರಲಿ. ಸ್ವ್ಯಾಬ್ ತೆಗೆದ ದಿನ ಮುಟ್ಟಿನ ಚಕ್ರದ ಎಷ್ಟನೆಯ ದಿನ, ಈಚೆಗೆ ಪ್ರತಿಜೈವಿಕ ಸೇವಿಸಿದ್ದರೇ, ಮಾದರಿಯ ಪಿಎಚ್ ಎಷ್ಟಿತ್ತು, ಇವು ಅದೇ ಹಾಳೆಯಲ್ಲಿ ದಾಖಲಾಗಿರಬೇಕು.